ಮೊದಲ ಪಂಕ್ತಿಯನ್ನು ಏಳಗೊಡದ ತಮ್ಮ ಹಾಡಿನ ಬಗ್ಗೆ

ಐಸ್‌ಲ್ಯಾಂಡ್ ದೇಶದ ಪೋಸ್ಟ್-ರಾಕ್ ಸಂಗೀತ ತಂಡದ ಕಲಾವಿದರ ಸನ್ನಿಧಿಗೆ,

ಮಾನ್ಯರೇ,

ಆ ಚಳಿಯಲ್ಲೂ ತಾವೆಲ್ಲ ಬೆಚ್ಚಗಿರುವಿರೆಂದು ನಂಬಿ, ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿ ತಿಪ್ಪೇರುದ್ರಪ್ಪ ಮಾಡುವ ಶರಣು ಶರಣಾರ್ಥಿ. ಕಳೆದ ಭಾನುವಾರ ನನ್ನ ಮಗಳು ಚೈತ್ರಾಳ ಮದುವೆಯಾಯಿತು. ಊಟದ ಹೊತ್ತಿಗೆ ಓಲಗ ಬೇಡ, ತಮ್ಮ ಹಾಡೇ ಬೇಕೆಂದು ಅವಳು ಹಟ ಹಿಡಿದಳು. ಮದುಮಗಳಿಗೆ ಇಲ್ಲವೆನ್ನಲಾಗದೆ ಒಪ್ಪಿದ್ದು ನನ್ನ ದಡ್ಡತನ.

ನಮ್ಮ ಕಡೆಯ ಛತ್ರಗಳಲ್ಲಿ ಉಣ್ಣುವವರ ಕುರ್ಚಿಯ ಹಿಂದೆಯೇ ಮುಂದಿನ ಪಂಕ್ತಿಯವರು ಕಾದು ನಿಂತಿರುತ್ತಾರೆ, ಮಜ್ಜಿಗೆಯಾದ ಕೂಡಲೇ ಉಂಡವರು ಎದ್ದು ಜಾಗ ಬಿಡುತ್ತಾರೆ ಎಂಬುದು ತಮಗೆ ತಿಳಿಯದಿರಬಹುದು. ಓಲಗದ ಗದ್ದಲಕ್ಕೆ ಗಬಗಬನೆ ಉಂಡು ಏಳುತ್ತಿದ್ದ ಜನ, ತಮ್ಮ ಗಿಟಾರ್ ನರಳತೊಡಗಿದ್ದೇ ತಡ, ತುತ್ತು ಕೈಯಲ್ಲೇ ಹಿಡಿದು ಸೂರು ನೋಡುತ್ತ ಕೂತರು. ಒಂದು ಪದವೂ ಅರ್ಥವಾಗದ ಆ ಹಾಡಿಗೆ ನನ್ನ ಸೋದರತ್ತೆ ಕಮಲಮ್ಮ ಸತ್ತ ಗಂಡನನ್ನು ನೆನೆದು ಅತ್ತು, ಕಣ್ಣೊರೆಸಿಕೊಂಡು, ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡರು. ಐಮಂಗಲದ ಲಾರಿ ಡ್ರೈವರುಗಳಿಗೆ ಏಳಿರೆಂದು ಕೈಮುಗಿದರೆ, "ತಡೀರಿ ಸಾವ್ಕಾರ್ರೇ, ಹಾಡು ಮುಗೀಲಿ, ಆಮೇಲೆ ಏಳಾಣ" ಎಂದರು. ತಮ್ಮ ಹಾಡು ಮುಗಿಯುವ ಜಾತಿಯದಲ್ಲ. ಮುಗಿಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ ಡ್ರಮ್ಮು ಶುರುವಾಯಿತು.

ಫೋಟೊ ತೆಗೆಸಿಕೊಳ್ಳುತ್ತ ಮೊದಲ ಪಂಕ್ತಿ ತಪ್ಪಿಸಿಕೊಂಡು, ಆ ಕುರ್ಚಿಗಳ ಹಿಂದೆ ಹಸಿದು ನಿಂತಿದ್ದವರು ಭರಮಸಾಗರದ ನಮ್ಮ ಬೀಗರು. ಬೀಗರನ್ನು ಊಟಕ್ಕೆ ಕಾಯಿಸಿದರೆ ಆ ಮಾತು ಹೆಣ್ಣಿನ ಜೊತೆಗೇ ಗಂಡನ ಮನೆ ಸೇರಿ, ಅವಳಿಗೆ ಮೊಮ್ಮಕ್ಕಳಾದರೂ ಅಲ್ಲೇ ಇರುತ್ತದೆ. ವರನ ತಂದೆ ಜಂಪಣ್ಣನವರ ಮುಖ ಕಂಡು ನನಗೆ ನಿಜಕ್ಕೂ ಭಯವಾಯಿತು.

ಆದಕಾರಣ, ಜಗತ್ತನ್ನೇ ಮೈಮರೆಸುವ ಮಹಾನುಭಾವರಾದ ತಾವು ದಯಮಾಡಿ ಮಜ್ಜಿಗೆಯ ಹೊತ್ತಿಗೆ ಸರಿಯಾಗಿ ಮುಗಿಯುವ ಹಾಡೊಂದನ್ನು ರಚಿಸಿಕೊಡಬೇಕು, ಅದಾಗದಿದ್ದರೆ ಕುಟುಂಬ ಸಮೇತ ಹಿರಿಯೂರಿಗೆ ಬಂದು ಎರಡನೇ ಪಂಕ್ತಿಗೆ ತಾವೇ ಬಡಿಸಬೇಕು ಎಂದು ವಿನಂತಿ.

ಕೊನೆಗೂ ಎಲೆ ಮುಂದೆ ಕೂತ ಜಂಪಣ್ಣನವರು ಮಾಡಿದ್ದೇನು ಗೊತ್ತೇ? ಅದೇ ಹಾಡನ್ನು ಮೊದಲಿನಿಂದ ಹಾಕಿಸಿದರು. ಹೆಣ್ಣಿನ ತಂದೆಯಾದ ನಾನು ಅವರ ಕುರ್ಚಿಯ ಹಿಂದೆ ಹಸಿದು ನಿಂತೆ. ಬೇರೆ ಕೆಲಸವಿಲ್ಲದೆ ತಮ್ಮ ಹಾಡನ್ನು ಕೇಳಿದ್ದು ಆಗಲೇ. ನಾಳೆಯಿಂದ ಚೈತ್ರಾ ಮನೆಯಲ್ಲಿರುವುದಿಲ್ಲ ಎಂಬುದು ನನಗೆ ತಟ್ಟಿದ್ದೂ ಆಗಲೇ. ಸಾಂಬಾರಿನ ಬಕೆಟ್ಟು ಹಿಡಿದವರೆದುರೇ ಅತ್ತುಬಿಟ್ಟೆ. ಈ ಅವಮಾನಕ್ಕೂ ತಾವೇ ಹೊಣೆ.

ಹೊಟ್ಟೆ ಹಸಿದರೂ ತಮ್ಮ ವಿಶ್ವಾಸಿಯೇ ಆಗಿರುವ,
ತಿಪ್ಪೇರುದ್ರಪ್ಪ

ತಾ.ಕ.: ನಾಳಿದ್ದು ಭರಮಸಾಗರದಲ್ಲಿ ಬೀಗರೂಟ. ಅಲ್ಲಿಯೂ ತಮ್ಮದೇ ಹಾಡಂತೆ, ನಮಗೆ ಎರಡನೇ ಪಂಕ್ತಿಯಂತೆ. ಮನೆಯಲ್ಲೇ ಉಂಡು ಹೊರಡುತ್ತಿದ್ದೇವೆ.