ನೀಲವ್ವಜ್ಜಿಯ ಒಂದು ಲೀಟರ್

ಮುಂದೆ ಕಣ್ಣಿನ ಡಾಕ್ಟರಾಗುತ್ತೇನೆ ಎಂದು ಮೆಡಿಸಿನ್ ವಿಭಾಗಕ್ಕೆ ಕಾಲಿಟ್ಟ ಮೊದಲ ದಿನವೇ ಹೆಮ್ಮೆಯಿಂದ ಹೇಳಿಬಿಟ್ಟೆ. ಹೇಳಬಾರದಿತ್ತು!

ಗದಗಿನ ಆ ಆಸ್ಪತ್ರೆಯಲ್ಲಿ ನಾನು ಹೌಸ್ ಸರ್ಜನ್. ಹೆಸರಿನಲ್ಲಿ ಸರ್ಜನ್ ಇದ್ದರೂ ಕೈಗೆ ಕತ್ತರಿ ಯಾರೂ ಕೊಡುವುದಿಲ್ಲ. ಎಂಬಿಬಿಎಸ್ ಮುಗಿಸಿ, ಪ್ರತಿ ವಿಭಾಗದಲ್ಲೂ ಒಂದಷ್ಟು ದಿನ ಕೆಲಸ ಕಲಿಯುವ ಇಂಟರ್ನ್, ಅಷ್ಟೆ. ಅಲ್ಲೇ ಎಂಡಿ ಓದುವ ಹಿರಿಯರ ಪಾಲಿಗೆ ನಾನು ಬಂದುಹೋಗುವ ಬೀಗ. ಬೀಗರಿಗಾದರೆ ಉಪಚಾರವಾದರೂ ಇರುತ್ತದೆ. ನನಗಿದ್ದದ್ದು ರಕ್ತದ ಸೀಸೆ ಲ್ಯಾಬಿಗೆ ಒಯ್ಯುವುದು, ಸ್ಟ್ರೆಚರ್ ಹುಡುಕುವುದು ಮತ್ತು ಕಳೆದುಹೋದ ಎಕ್ಸ್‌ರೇಗೆ ಬೈಸಿಕೊಳ್ಳುವುದು.

"ಸವಿತಾ ಮೇಡಂ, ನನಗೂ ಒಬ್ಬ ಪೇಶಂಟ್ ಕೊಡ್ರಿ," ಎಂದು ಹಿರಿಯರಲ್ಲೊಬ್ಬರ ಬೆನ್ನು ಹತ್ತಿದೆ.

"ನೀ ಕಣ್ಣಿಗೆ ಹೋಗಾಂವ. ಹೃದಯ ತಗೊಂಡು ಏನ್ ಮಾಡ್ತಿ?"

"ಕಣ್ಣಿನ ಪೇಶಂಟಿಗೂ ಹೃದಯ ಇರ್ತೈತಲ್ರಿ!"

ಮೇಡಂ ನಕ್ಕರು. ಕೊಟ್ಟೇಬಿಟ್ಟರು!

ಡೋಣಿ ಎಂಬ ಹಳ್ಳಿಯ ನೀಲವ್ವಜ್ಜಿ. ಹೃದಯ ಸೋತು ಕಾಲು ಬಾತಿದ್ದವು, ನಾಲ್ಕು ಹೆಜ್ಜೆಗೇ ಏದುಸಿರು. ಮೈಯಲ್ಲಿ ಸೇರಿದ ನೀರು ಇಳಿಯಲು ಗುಳಿಗೆ ನಡೆದಿತ್ತು. ಕುಡಿಯುವುದು ದಿನಕ್ಕೆ ಒಂದೇ ಲೀಟರ್, ಮೀರಕೂಡದು. ಬಸುರಿ ಮೊಮ್ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಊರಿಗೆ ಹೋಗಿ ಮಡಿಲು ತುಂಬಬೇಕೆಂಬುದು ಅಜ್ಜಿಯ ಆಸೆ. ಅಜ್ಜಿಯನ್ನು ನಡೆಸಿ ಕಳಿಸಿ ನಾನೂ ಡಾಕ್ಟರ ಸಾಲಿಗೆ ಸೇರಬೇಕೆಂಬುದು ನನ್ನ ಆಸೆ.

ಸೊಸೆಯ ಕೈಗೆ ಒಂದು ಲೀಟರಿನ ಬಾಟಲಿ ಕೊಟ್ಟು, ಇದರ ಹೊರತು ಹನಿಯೂ ಸಲ್ಲದೆಂದು ಫರ್ಮಾನು ಹೊರಡಿಸಿದೆ. ಹೊತ್ತುಹೊತ್ತಿಗೆ ಹೋಗಿ ಬಾಟಲಿಯನ್ನು ಬೆಳಕಿಗೆ ಹಿಡಿದು ತಪಾಸಣೆ ಮಾಡುತ್ತಿದ್ದೆ. ಹೋದಾಗಲೆಲ್ಲ ಅಜ್ಜಿಗೆ ಸಂಭ್ರಮ.

"ಡಾಕ್ಟರಪ್ಪ ಬಂದಾನ, ಚಾ ಹಾಕವ್ವ!"

ಸೊಸೆ ಥರ್ಮಾಸು ತೆರೆಯುತ್ತಿದ್ದಳು. ನಾನು ಲಕ್ಷ್ಮೇಶ್ವರದವನು. ಹಿರಿಯರು ಕೊಟ್ಟ ಚಹಾವನ್ನು ಅವರ ಎದುರು ಒಬ್ಬನೇ ಕುಡಿಯುವ ರೂಢಿ ನಮ್ಮ ಮನೆಯಲ್ಲಿಲ್ಲ.

"ನೀವೂ ತಗೋರಿ ಅಜ್ಜಿ."

"ನನಗ ಬ್ಯಾಡೋ ತಮ್ಮಾ."

"ನೀವು ಒಲ್ಲೆ ಅಂದ್ರ ನಾನೂ ಒಲ್ಲೆ."

"ಹಂಗಂದ್ರ ಹ್ಯಾಂಗೋ! ಹಾಕವ್ವ, ನನಗೂ ಇಷ್ಟು."

ಎಂಥ ಮರ್ಯಾದಸ್ಥರು ನಾವಿಬ್ಬರೂ!

ಅಜ್ಜಿಯ ತೂಕ ಇಳಿಯಬೇಕಿತ್ತು. ಏರಿತು! ಗುಳಿಗೆ ಹೆಚ್ಚಿಸಿದರು. ಮತ್ತೂ ಏರಿತು! ತೂಕದ ಯಂತ್ರದ ಮೇಲೆ ನನಗೆ ಸಂಶಯ ಬಂತು. ನಾನೇ ಹತ್ತಿ ನೋಡಿದೆ. ನನ್ನ ತೂಕವೂ ಏರಿತ್ತು. ಯಂತ್ರ ಕೆಟ್ಟಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಆದರೆ ಸವಿತಾ ಮೇಡಂ ಒಪ್ಪಲಿಲ್ಲ. ಆಗ ಸೊಸೆಯನ್ನು ಹಿಡಿದೆ.

"ಆಣಿ ಮಾಡ್ತೀನ್ರಿ, ಬಾಟಲಿ ಬಿಟ್ಟು ಹನಿ ನೀರ ಕೊಟ್ಟಿಲ್ಲ," ಎಂದು ಪಾಪ, ಆಕೆ ಕಣ್ಣೀರು ಹಾಕಿದಳು. ಕಾವಲು ಬಿಗಿ ಮಾಡಲು ನಾನು ಇನ್ನಷ್ಟು ಸಲ ಹೋಗತೊಡಗಿದೆ.

ಒಂದು ಬೆಳಿಗ್ಗೆ ವಿಭಾಗದ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದರು. ನಾನು ಬಾಟಲಿ ಎತ್ತಿ ಹಿಡಿದು, "ಸರ್, ನೀರಿನ ಉಸ್ತುವಾರಿ ಸಂಪೂರ್ಣ ನನ್ನದು," ಎಂದು ಗಂಭೀರವಾಗಿ ನಿವೇದಿಸಿದೆ. ಅಜ್ಜಿ ನನ್ನನ್ನು ಕಂಡದ್ದೇ ಎದ್ದು ಕುಳಿತರು.

"ಡಾಕ್ಟರಪ್ಪಗ ಚಾ ಹಾಕವ್ವ. ನನಗೂ ಹಾಕು, ಇಲ್ಲಂದ್ರ ಅಂವ ಕುಡಿಯಂಗಿಲ್ಲ!"

ಸೊಸೆ ಥರ್ಮಾಸಿಗೆ ಕೈ ಹಾಕಿದಳು.

"ದಿನಾ ಹಿಂಗ ಏನಬೇ?" ದೊಡ್ಡ ಡಾಕ್ಟರು ಕೇಳಿದರು.

"ಅಂವ ಬಂದಾಗೊಮ್ಮೆ ರೀ. ಭಾಳ ಸಂಭಾವಿತ ಹುಡುಗ. ತಾಸಿಗೊಮ್ಮೆ ಬರ್ತಾನ!"

ಅವರು ನಿಧಾನವಾಗಿ ನನ್ನತ್ತ ತಿರುಗಿದರು.

"ಚಾ ಏನು ಹಿಟ್ಟಿನಾಗ ಮಾಡ್ತಾರೇನಲೇ?"

ನಮ್ಮ ಕಡೆ ಚಹಾವನ್ನು ನೀರೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಖರೆ. ಎಂಬಿಬಿಎಸ್ ಮಾಡಿದವನಾದರೂ ಹಿಡಿಯಬೇಕಿತ್ತಲ್ಲ! ಅಜ್ಜಿಯ ಏದುಸಿರು ಇಳಿಯದೇ ಇದ್ದದ್ದು ನನ್ನ ಸೌಜನ್ಯದಿಂದ! ಸೊಸೆಯ ಮುಖ ನೋಡುವ ಧೈರ್ಯವಾಗಲಿಲ್ಲ.

"ಗುಳಿಗಿ ಅದ ಇರಲಿ," ಎಂದರು ದೊಡ್ಡ ಡಾಕ್ಟರು. "ಇಂವನ್ನ ಬಂದ್ ಮಾಡ್ರಿ."

ಬಂದ್ ಮಾಡಿದರು. ಅಜ್ಜಿಯ ಕಾಲಿನ ಬಾವು ಇಳಿಯಿತು, ಉಸಿರು ಹಗುರಾಯಿತು. ಕುಬಸಕ್ಕೆ ಇನ್ನೂ ಸಮಯವಿರುವಾಗಲೇ ತಮ್ಮ ಕಾಲ ಮೇಲೆ ನಡೆದು ಊರಿಗೆ ಹೊರಟರು. ನಾನು ಕಂಬದ ಹಿಂದೆ ನಿಂತು ನೋಡುತ್ತಿದ್ದೆ.

"ಆ ಸಣ್ಣ ಡಾಕ್ಟರಪ್ಪಗ ಮೈಯಾಗ ಆರಾಮಿಲ್ಲೇನವ್ವ? ಬರೋದ ಬಿಟ್ಟಾನ," ಅಜ್ಜಿ ಕೇಳುತ್ತಿದ್ದರು.

"ಅಂವ ಬಿಟ್ಟಿದ್ದಕ್ಕ ನೀವು ಆರಾಮ ಆಗೀರಿ ಅಜ್ಜಿ," ಎಂದರು ಸವಿತಾ ಮೇಡಂ.

ನಾನು ಗುಣಪಡಿಸಿದ ಮೊದಲ ರೋಗಿ ನೀಲವ್ವಜ್ಜಿ. ಹತ್ತಿರ ಹೋಗದೇ!