ಅವ್ವನ ಏಕಾದಶಿಯೂ ನನ್ನ ಜೀವಕೋಶದ ಪಾಠವೂ

ಇಂಡಿ ಪಟ್ಟಣದ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಜೀವಕೋಶಗಳು ಶಕ್ತಿಯನ್ನು ಹೇಗೆ ಖರ್ಚು ಮಾಡುತ್ತವೆ ಎಂಬ ಪಾಠ ಬಂತೆಂದರೆ ಸಾಕು, ಯಾರಾದರೊಬ್ಬರು ನನ್ನ ಬಾಯಿ ಮುಚ್ಚಿಸಿಯೇ ತೀರುತ್ತಾರೆ. ಹೆಚ್ಚಿನ ಸಲ ಅದು ನಮ್ಮ ಅವ್ವ.

ಅವ್ವನಿಗೆ ಸಕ್ಕರೆ ಕಾಯಿಲೆ. ಏಕಾದಶಿಗೆ ಅನ್ನವಿಲ್ಲ, ನೀರಿಲ್ಲ. ಗುಳಿಗೆ ಮಾತ್ರ ತಪ್ಪುವುದಿಲ್ಲ. ಉಳಿದ ದಿನ ಮೂರು ಸಲ ತೆಗೆದುಕೊಳ್ಳುವ ತೀರ್ಥ ಅಂದು ಬೆಳಿಗ್ಗೆ ಒಂದೇ ಸಲ, ಒಂದೇ ಉದ್ಧರಣೆ ಚಮಚ; ಅದರಲ್ಲೇ ಗುಳಿಗೆ ನುಂಗುತ್ತಾಳೆ. ಖಾಲಿ ಹೊಟ್ಟೆಯಲ್ಲಿ ಆ ಗುಳಿಗೆ ರಕ್ತದ ಸಕ್ಕರೆಯನ್ನು ತೀರಾ ಇಳಿಸಿಬಿಟ್ಟರೆ ಜೀವಕ್ಕೇ ಅಪಾಯ. ಹದಿನೈದು ದಿನಕ್ಕೊಮ್ಮೆ ನನಗೆ ಇದೇ ಹೆದರಿಕೆ.

ಡಾಕ್ಟರ ಮಾತು

ಡಾಕ್ಟರು ಕೈಮುಗಿದೇ ಹೇಳಿದರು: "ಅಜ್ಜಿ, ಉಪವಾಸ ಇದ್ದ ದಿನ ಈ ಗುಳಿಗಿ ಬಿಡ್ರಿ. ಗುಳಿಗಿ ತಗೊಂಡ್ರ ಊಟ ಬಿಡಬ್ಯಾಡ್ರಿ."

"ಹೋದ ವರ್ಷ ನೀವ ಅಂದಿದ್ರಿ, ಒಂದು ದಿನಾನೂ ತಪ್ಪಿಸಬ್ಯಾಡ್ರಿ ಅಂತ. ನಮ್ಮ ದೇವರು ಹಿಂಗ ವರ್ಷಕ್ಕೊಂದು ಮಾತು ಹೇಳಂಗಿಲ್ರಿ."

ನಿಂಬೆಹಣ್ಣಿನ ಜ್ವರ

ಅಗರಖೇಡದ ರೈತರೊಬ್ಬರು ಫೋನು ಮಾಡಿದರು. "ಮಾಸ್ತರ್ರ, ಹರಿದ ನಿಂಬಿಹಣ್ಣು ರಾಶಿ ಹಾಕಿ ತಾಡಪತ್ರಿ ಹೊಚ್ಚೇನಿ. ಒಳಗ ಕೈ ಹಾಕಿದ್ರ ಬೆಚ್ಚಗ ಅದಾವ. ಜ್ವರ ಬಂದಾವೇನ್ರಿ?"

ನನಗೆ ಪಾಠ ಮಾಡುವ ಹುಮ್ಮಸ್ಸು ಬಂತು. ಗಿಡದಿಂದ ಕಿತ್ತರೂ ಹಣ್ಣು ಸತ್ತಿರುವುದಿಲ್ಲ, ಉಸಿರಾಡುತ್ತ ತನ್ನೊಳಗಿನ ಸಕ್ಕರೆಯನ್ನೇ ಉರಿಸುತ್ತದೆ. ಶಕ್ತಿ ಎಲ್ಲೂ ಮಾಯವಾಗುವುದಿಲ್ಲ, ಬಹುಪಾಲು ಕಾವಾಗಿ ಹೊರಬರುತ್ತದೆ. ತಾಡಪತ್ರಿ ಹೊದಿಕೆ ತೆಗೆದು ಹರವಿಬಿಡಿ ಎಂದೆ.

"ಹರವಾಕ ಜಾಗ ಇಲ್ರಿ. ನಾಳೆ ಮುಂಜಾನೆ ಟೆಂಪೊ ಬರ್ತೈತಿ. ಅಲ್ಲಿತನಕ ಅವು ಉಸಿರು ಬಿಗಿ ಹಿಡದು ಕುಂಡ್ರಾಕ ಏನರ ಔಷಧ ಐತೇನ್ರಿ?"

ಕೂತಲ್ಲೇ ಖರ್ಚು

ಅದನ್ನೇ ಅವ್ವನಿಗೆ ಹೇಳಿದೆ. "ನಿಂಬಿಹಣ್ಣ ಸುಮ್ಮ ಕೂತ್ರೂ ಸಕ್ಕರಿ ಉರಸ್ತಾವ. ನೀನೂ ಹಂಗ. ಉಣ್ಣಲಾರದ ಗುಳಿಗಿ ತಗೊಂಡ್ರ ಉರೀಲಿಕ್ಕೆ ಏನೂ ಉಳಿಯಂಗಿಲ್ಲ."

"ನಾ ಜಪ ಮಾಡ್ಕೋತ ಕೂತಿರ್ತೀನಿ. ನನಗೇನು ಖರ್ಚು?"

"ಎದಿ ಬಡಕೋಬೇಕು, ಮೆದುಳು ನಡೀಬೇಕು."

"ಮೆದುಳು ನಡಸಾವ್ರು ನೀವು. ನಾ ನಿಮ್ಮಪ್ಪನ್ನ ಮದುವಿ ಆದ ದಿನಾನ ಅದನ್ನ ಬಂದ್ ಮಾಡೀನಿ."

ನಕ್ಕೆ. ಆದರೆ ಮನಸ್ಸಿಗೆ ಸಮಾಧಾನವಿರಲಿಲ್ಲ.

ದಶಮಿಯ ತೀರ್ಥ

ಹೆದರಿದ್ದೇ ಆಯಿತು. ಮೊನ್ನೆಯ ಏಕಾದಶಿಗೆ ಹನ್ನೊಂದರ ಸುಮಾರಿಗೆ ನೋಡಿದರೆ ಅವ್ವ ಬೆವರಿನಿಂದ ತೊಯ್ದುಹೋಗಿದ್ದಾಳೆ. ಕೈ ನಡುಗುತ್ತಿವೆ, ಮಾತು ತೊದಲುತ್ತಿದೆ. ನಾನು ಲೋಟದಲ್ಲಿ ಸಕ್ಕರೆ ನೀರು ತಂದರೆ ತುಟಿ ಬಿಗಿ ಮಾಡಿದಳು.

"ಏಕಾದಶಿ," ಅಂದಳು. ಅಷ್ಟೇ.

ಬೋರ್ಡಿನ ಮೇಲೆ ವರ್ಷ ವರ್ಷ ಬರೆಯುವ ಸಮೀಕರಣವೆಲ್ಲ ನನಗೆ ಬಾಯಿಪಾಠ. ಈ ಎರಡು ತುಟಿ ತೆರೆಸುವುದು ಗೊತ್ತಿರಲಿಲ್ಲ. ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ನನ್ನ ಹೆಂಡತಿ ಆ ಲೋಟ ಕಸಿದುಕೊಂಡು ದೇವರ ಮನೆಗೆ ಹೋದಳು. ಸಕ್ಕರೆ ನೀರನ್ನು ತೀರ್ಥದ ಬಟ್ಟಲಿಗೆ ಸುರಿದುಕೊಂಡು ಉದ್ಧರಣೆ ಸಮೇತ ಬಂದಳು. "ಅತ್ಯಾರ, ತೀರ್ಥ ತಗೋರಿ."

ಅಂಥ ಸ್ಥಿತಿಯಲ್ಲೂ ಅವ್ವ ಶಾಸ್ತ್ರ ಮರೆತಿರಲಿಲ್ಲ. "ಏಕಾದಶಿಗೆ... ಒಂದ ಸಲ. ಆಗೇದ."

"ಖರೆ. ಆದ್ರ ನಿನ್ನಿ ಮೂರು ಸಲ ತಗೋಬೇಕಿತ್ತು, ನೀವು ಎರಡ ತಗೊಂಡ್ರಿ. ಇದು ದಶಮೀದು."

ಅವ್ವ ಒಂದು ಗಳಿಗೆ ಯೋಚಿಸಿ ಬಾಯಿ ತೆರೆದಳು. ಹೆಂಡತಿ ಉದ್ಧರಣೆಯಿಂದ ಬಿಡದೆ ಕುಡಿಸಿದಳು, ಬಟ್ಟಲು ಖಾಲಿಯಾಯಿತು. ಹದಿನೈದು ನಿಮಿಷದಲ್ಲಿ ಬೆವರು ಆರಿತು, ಮಾತು ನೆಟ್ಟಗಾಯಿತು, ಅವ್ವ ತಾನೇ ಎದ್ದು ಕೂತಳು. ನಾನು ಸಕ್ಕರೆಯ ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ನನ್ನ ಕಾಲು ತುಳಿದಳು.

"ನೋಡಿದಿ?" ಎಂದಳು ಅವ್ವ, ನನ್ನ ಕಡೆ ತಿರುಗಿ. "ಬರೇ ತೀರ್ಥಕ್ಕ ಎದ್ದು ಕೂತೆ. ಇದರಾಗ ಇಷ್ಟು ಶಕ್ತಿ ಇರಬೇಕಾದ್ರ ಏಕಾದಶಿ ದಿನ ಆ ಗುಳಿಗಿ ಯಾಕ ಬೇಕು? ಇನ್ನ ಮುಂದ ನಾ ತಗೊಳಂಗಿಲ್ಲ. ಹೋಗು, ನಿಮ್ಮ ಡಾಕ್ಟರಗೂ ಒಂದೀಟು ಬುದ್ಧಿ ಹೇಳು!"