ಕಾಯಿಸುವ ದೇವರು

ಎಲ್ಲ ಶುರುವಾದದ್ದು ಒಂದಕ್ಷರದಿಂದ. ಚರ್ಚಿನ ಒಳಗೋಡೆಯ ಮೇಲೆ ‘ದೇವರು ನಮ್ಮನ್ನು ಕಾಯುವನು’ ಎಂದು ಬರೆಯಬೇಕಿದ್ದ ಪೇಂಟರ್, ಮೊಳದುದ್ದದ ಅಕ್ಷರಗಳಲ್ಲಿ ‘ದೇವರು ನಮ್ಮನ್ನು ಕಾಯಿಸುವನು’ ಎಂದು ಬರೆದು, ಕೆಳಗೆ ಚೆಂದದ ಎರಡು ಬಳ್ಳಿಗಳನ್ನೂ ಎಳೆದು, ಏಣಿಯಿಂದ ಇಳಿದಿದ್ದ.

ಪಾಪ, ಅವನ ಕೈಯನ್ನು ದೂರಿ ಪ್ರಯೋಜನವಿಲ್ಲ. ಜನ ಅವನನ್ನು ಕರೆಯುತ್ತಿದ್ದುದೇ ‘ನಾಳೆ ಪೇಂಟರ್’ ಎಂದು. ಬೋರ್ಡು ಬರೆಯಲು ಕೊಟ್ಟವರೆಲ್ಲ ಬೆಳಗೆದ್ದರೆ ಬಾಗಿಲಿಗೆ ಬಂದು “ಇನ್ನೂ ಎಷ್ಟು ದಿನ ಕಾಯಿಸ್ತೀಯಪ್ಪಾ?” ಎನ್ನುವವರೇ. ದಿನಾ ಕಿವಿಗೆ ಬಿದ್ದ ಮಾತು ಬ್ರಶ್ಶಿಗೂ ಇಳಿದುಬಿಟ್ಟಿತ್ತು. ಈ ಗೋಡೆಯನ್ನೂ ಮೂರು ವಾರ ಮುಂದೂಡಿ, ಬಿಷಪ್ಪರು ಬರುವ ದಿನ ಬೆಳಿಗ್ಗೆ ಮುಗಿಸಿದ್ದ.

ಮೊದಲು ಕಂಡದ್ದು ಪಿಯಾನೋ ಮೇಷ್ಟರಿಗೆ. ಅವರ ಗಂಟಲಿಗೆ ಮೈಕು ಬೇಡ.

“ಏನಯ್ಯಾ ಇದು! ದೇವ್ರು ಕಾಯಿಸ್ತಾನಾ? ನಿನ್ನ ಹಾಗೆ ಅವನೂ ನಾಳೆ ಬಾ ಅಂತಾನಾ?”

ಹಾಡಿನ ತಂಡದವರೆಲ್ಲ ಓಡಿಬಂದರು. ಅವರಲ್ಲಿ ಪೇಂಟರನ ಹೆಂಡತಿಯೂ ಇದ್ದಳು. ಅವಳು ಗೋಡೆ ನೋಡಿದಳು, ಗಂಡನನ್ನು ನೋಡಿದಳು, ತಲೆ ತಗ್ಗಿಸಿದಳು. ಅದನ್ನು ಕಂಡದ್ದೇ ಪೇಂಟರನ ಬಾಯಿಂದ ಸುಳ್ಳು ಜಾರಿತು.

“ನಂದೇನಿದೆ ಮೇಷ್ಟ್ರೇ? ಫಾದರ್ ಚೀಟೀಲಿ ಹೀಗೇ ಬರ್ಕೊಟ್ಟಿದ್ರು.”

“ಎಲ್ಲಿ ಚೀಟಿ? ತೋರ್ಸು.”

ಚೀಟಿ ಜೇಬಿನಲ್ಲೇ ಇತ್ತು. ಅದರಲ್ಲಿ ‘ಕಾಯುವನು’ ಎಂದು ಮುತ್ತಿನಂಥ ಅಕ್ಷರದಲ್ಲಿತ್ತು. ಮೇಷ್ಟರ ಕೈ ಜೇಬಿನತ್ತ ಬರುತ್ತಿದ್ದಂತೆ ಪೇಂಟರ್ ಅದನ್ನು ಹೊರಗೆಳೆದು, ಕೆಮ್ಮುವ ನೆಪದಲ್ಲಿ ಬಾಯಿಗೆ ಹಾಕಿಕೊಂಡು ನುಂಗಿಯೇಬಿಟ್ಟ. ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಫಾದರ್ ಬಂದರು. ದೂರು ಕೇಳಿಸಿಕೊಂಡು ಮೆಲ್ಲಗೆ ಹೇಳಿದರು: “ಹೌದಾ? ನಾನೇ ಹಾಗೆ ಬರೆದಿರ್ಬೇಕು. ವಯಸ್ಸಾಯ್ತು ನೋಡಿ. ಅವನನ್ನ ಬೈಬೇಡಿ, ಬಿಷಪ್ಪರ ಹತ್ರ ನಾನೇ ಕ್ಷಮೆ ಕೇಳ್ತೀನಿ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! ತನ್ನ ಮದುವೆ ಮಾಡಿಸಿದ, ಜ್ವರದಲ್ಲಿ ಮಲಗಿದ್ದಾಗ ಪಕ್ಕದಲ್ಲಿ ಕೂತು ಪ್ರಾರ್ಥಿಸಿದ ಹಿರಿಯರು ತನ್ನ ಸುಳ್ಳನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಾರೆ. ಪೇಂಟರನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಅಳಿಸಿಯಾದರೂ ಬಿಡೋಣವೆಂದು ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಏಣಿ ಹತ್ತಿದ.

“ಇಳಿಯೋ! ವಾಸನೆಗೆ ಬಿಷಪ್ಪರು ಮೂರ್ಛೆ ಹೋಗ್ತಾರೆ!” ಎಂದು ಮೇಷ್ಟರು ಏಣಿ ಅಲ್ಲಾಡಿಸಿದರು. ಬಟ್ಟೆ ಕೈಜಾರಿ ಅವರ ಬೋಳುತಲೆಯ ಮೇಲೆಯೇ ಬಿತ್ತು. ಹೊರಗೆ ಕಾರು ನಿಂತ ಸದ್ದಾಯಿತು.

ಎಲ್ಲರೂ ಬೆಂಚುಗಳಲ್ಲಿ ಕೂತ ಮೇಲೆ ಬಿಷಪ್ಪರು ಗೋಡೆಯನ್ನು ಓದಿದರು. ಮತ್ತೊಮ್ಮೆ ಓದಿದರು. ಫಾದರ್ ಕ್ಷಮೆ ಕೇಳಲು ಎದ್ದೇಬಿಟ್ಟಿದ್ದರು.

“ಎಂಥ ಮಾತು!” ಎಂದರು ಬಿಷಪ್ಪರು. “ಬಿಸಿ ಊಟ ಆರೋತನಕ ತಾಯಿ ಮಗೂನ ಕಾಯಿಸೋದಿಲ್ವೇ? ಕಾಯೋನೇ ಕಾಯಿಸೋದು. ನಾವು ತಪ್ಪು ಒಪ್ಕೊಂಡು ಬರೋತನಕ ಅವನೂ ಕಾಯ್ತಾ ಕೂತಿರ್ತಾನೆ, ಹೊಡೆಯೋಕಲ್ಲ, ಕ್ಷಮಿಸೋಕೆ. ಯಾರದು ಈ ಮಾತು?”

“ನಮ್ಮ ಫಾದರ್‌ದು!” ಎಂದರು ಮೇಷ್ಟರು. ಚಪ್ಪಾಳೆ ಬಿತ್ತು.

ತಪ್ಪು ಒಪ್ಪಿಕೊಂಡು ಬರೋತನಕ! ಆ ಮಾತು ಪೇಂಟರನ ಎದೆಗೆ ನಾಟಿತು. ಹಿಂದಿನ ಬೆಂಚಿನಿಂದ ಓಡಿಬಂದು ಮೊಣಕಾಲೂರಿದ.

“ಅಲ್ಲ ಸ್ವಾಮೀ! ಅದು ಫಾದರ್‌ದಲ್ಲ, ನಂದು! ನಾನೇ ಬರೆದದ್ದು!”

ಚಪ್ಪಾಳೆ ನಿಂತಿತು.

“ಥೂ ನಿನ್ನ!” ಎಂದರು ಮೇಷ್ಟರು. “ಬಿಷಪ್ಪರು ಹೊಗಳಿದ್ದೇ ತಡ, ನಂದು ಅಂತ ಬಂದ್ಬಿಟ್ಟ! ಬೆಳಿಗ್ಗೆ ಫಾದರ್‌ದು ಅಂದಿದ್ದು ಯಾರು?”

“ಆವಾಗ ಸುಳ್ಳು ಹೇಳಿದ್ದೆ!”

“ಈಗ ಹೇಳ್ತಿರೋದೇನು? ಚೀಟಿ ತೋರ್ಸು ಹಾಗಾದ್ರೆ!”

“ಚೀಟಿ... ನುಂಗ್ಬಿಟ್ಟೆ.”

ಇಡೀ ಚರ್ಚು ಘೊಳ್ಳೆಂದಿತು. ಹೆಂಡತಿ ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು “ರೀ, ಸಾಕು, ಎದ್ದು ಬನ್ನಿ” ಎಂದಳು.

ಫಾದರ್ ಹತ್ತಿರ ಬಂದು ಅವನ ತಲೆಯ ಮೇಲೆ ಕೈಯಿಟ್ಟರು.

“ಇರ್ಲಿ ಮಗು. ಹೊಗಳಿಕೆಗೆ ಆಸೆಪಡದವರು ಯಾರಿದ್ದಾರೆ? ದೇವ್ರೂ ನಿನ್ನನ್ನ ಕ್ಷಮಿಸಿದಾನೆ, ನಾನೂ ಕ್ಷಮಿಸಿದೀನಿ. ಇನ್ನು ಈ ವಿಷಯ ಎತ್ತಲೇಬೇಡ.”

ಮಾಡದ ತಪ್ಪಿಗೆ ಎಲ್ಲರೆದುರು ಧಾರಾಳವಾಗಿ ಕ್ಷಮೆ ಸಿಕ್ಕಿತು. ಮಾಡಿದ ತಪ್ಪನ್ನು ಕೇಳಿಸಿಕೊಳ್ಳಲು ಒಬ್ಬರೂ ತಯಾರಿರಲಿಲ್ಲ. ಪೇಂಟರ್ ತಲೆ ಬಗ್ಗಿಸಿ “ಆಮೆನ್” ಎಂದ. ಇನ್ನೇನು ಅಂದಾನು?